ಅರಿಯದ ಕೋಡಿಗೆ ನಮ್ಮ ರುಜುವಿಲ್ಲ

ಸಾಫ್ಟ್‌ವೇರ್ ಕಟ್ಟುವ ನಾವು, ಒಂದು ಕಾಲ ಮುಗಿಯಿತೆಂದು ಸಾರುತ್ತಿದ್ದೇವೆ. ಕೋಡನ್ನು ಕೈಯಾರೆ ಟೈಪಿಸುವುದೇ ನಮ್ಮ ಕಸುಬು ಎಂದು ನಂಬಿದ್ದ ಕಾಲ ಅದು. ಎಷ್ಟು ಜನ, ಎಷ್ಟು ಗಂಟೆ, ಎಷ್ಟು ಸಾಲು ಎಂದು ಎಣಿಸಿ ಬಿಲ್ ಹಾಕುತ್ತಿದ್ದ ಕಾಲ. ಈಗ ಯಂತ್ರವೇ ಸಾಲುಗಳನ್ನು ಸುರಿಯುತ್ತಿದೆ. ಎಣಿಕೆಗೆ ಅರ್ಥ ಉಳಿದಿಲ್ಲ. ಆ ಕಾಲಕ್ಕಾಗಿ ನಾವು ಅಳುವುದಿಲ್ಲ. ಅದು ನಮ್ಮನ್ನು ಚೆನ್ನಾಗಿ ನೋಡಿಕೊಂಡಿತ್ತು ಎಂಬ ಸುಳ್ಳನ್ನೂ ಹೇಳುವುದಿಲ್ಲ.

ಇದನ್ನು ಬರೆಯುತ್ತಿರುವುದು ನಾಳೆ ನಮ್ಮ ಪಕ್ಕ ಕೂರಲಿರುವವರಿಗಾಗಿ. ಹುಬ್ಬಳ್ಳಿಯ ಕಾಲೇಜಿನಲ್ಲಿ ಕೊನೆಯ ಸೆಮಿಸ್ಟರ್ ಓದುತ್ತಾ, ತಾನು ಕಲಿತದ್ದಕ್ಕೆ ಇನ್ನು ಬೆಲೆಯಿದೆಯೇ ಎಂದು ಯೋಚಿಸುತ್ತಿರುವ ಹುಡುಗಿಗೆ. ವೈಟ್‌ಫೀಲ್ಡಿನ ಕಚೇರಿಯಲ್ಲಿ ಬೇರೆ ಯಾರೋ ಬರೆದ ಕೋಡನ್ನು ವರ್ಷಗಟ್ಟಲೆ ರಿಪೇರಿ ಮಾಡುತ್ತಾ ಬಂದವರಿಗೆ. ದಿನವಿಡೀ ಟೆಸ್ಟ್ ಕೇಸ್ ಬರೆದೂ ಡೆವಲಪರ್ ಅನ್ನಿಸಿಕೊಳ್ಳದೆ ಉಳಿದವರಿಗೆ. ಸನ್ನಿವೇಲ್‌ನಲ್ಲಿ ಕೂತು ವೀಸಾ ಮತ್ತು ಲೇಆಫ್ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುತ್ತಿರುವ ಕನ್ನಡಿಗರಿಗೆ. ನೀವೆಲ್ಲ ಬೇರೆಬೇರೆ ಕಟ್ಟಡಗಳಲ್ಲಿ ಒಂದೇ ಆತಂಕವನ್ನು ಒಬ್ಬೊಬ್ಬರೇ ಹೊರುತ್ತಿದ್ದೀರಿ. ಅದನ್ನು ಇಳಿಸಿ, ಇತ್ತ ಬನ್ನಿ.

ಹಳೆಯ ವ್ಯವಸ್ಥೆಯ ಸೋಲು ಈಚಿನದಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಉಪಗ್ರಹ ಸಂಪರ್ಕದ ಮೂಲಕ ಇಲ್ಲಿನ ಕೆಲಸ ಸಾಗರದಾಚೆಗೆ ಹರಿಯತೊಡಗಿತು. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟಿದ್ದ ಜಗತ್ತಿನ ಹಳೆಯ ಪ್ರೋಗ್ರಾಮ್‌ಗಳನ್ನು 2000ನೇ ಇಸವಿಗೆ ಸಜ್ಜುಗೊಳಿಸುವ ಕೆಲಸ ತೊಂಬತ್ತರ ದಶಕದ ಕೊನೆಯಲ್ಲಿ ಸಾವಿರಾರು ಯುವಕ ಯುವತಿಯರಿಗೆ ಮೊದಲ ಸಂಬಳ ಕೊಟ್ಟಿತು. ಅದು ಸಣ್ಣ ಮಾತಲ್ಲ. ಎಷ್ಟೋ ಮನೆಗಳಲ್ಲಿ ಸಾಲ ತೀರಿದ್ದು, ತಂಗಿ ಓದಿದ್ದು, ಮನೆಗೆ ಆರ್‌ಸಿಸಿ ಬಿದ್ದದ್ದು ಆ ದುಡ್ಡಿನಿಂದ. ಆದರೆ ಆ ಯಶಸ್ಸಿನ ಬುಡದಲ್ಲೇ ಒಂದು ತಪ್ಪು ಲೆಕ್ಕ ಬೇರುಬಿಟ್ಟಿತು. ಮೇಲೆ ನಾಲ್ಕು ಜನ ಅನುಭವಸ್ಥರು, ಕೆಳಗೆ ನಲವತ್ತು ಜನ ಫ್ರೆಶರ್‌ಗಳು, ಕ್ಲೈಂಟ್‌ಗೆ ಗಂಟೆಯ ಲೆಕ್ಕದಲ್ಲಿ ಬಿಲ್. ತಲೆಗಳನ್ನು ಎಣಿಸಿದರು, ತಲೆಯೊಳಗೆ ಏನಿದೆ ಎಂದು ಕೇಳಲಿಲ್ಲ. ಒಬ್ಬರ ಜಾಗಕ್ಕೆ ಇನ್ನೊಬ್ಬರನ್ನು ಸೋಮವಾರದೊಳಗೆ ಕೂರಿಸಬಹುದು ಎಂಬುದು ಆ ವ್ಯವಸ್ಥೆಯ ಹೆಮ್ಮೆಯಾಗಿತ್ತು.

ಕೆಟಿ, ಅಂದರೆ ನಾಲೆಡ್ಜ್ ಟ್ರಾನ್ಸ್‌ಫರ್ ಎಂಬ ವಿಧಿಯನ್ನು ನೆನೆಯಿರಿ. ಐದು ವರ್ಷ ಒಂದು ವ್ಯವಸ್ಥೆಯನ್ನು ಸಾಕಿದವರು ಕೆಲಸ ಬಿಡುವಾಗ ಎರಡು ವಾರ ಸ್ಕ್ರೀನ್ ಹಂಚಿಕೊಂಡು ಫೋಲ್ಡರ್‌ಗಳನ್ನು ತೋರಿಸುತ್ತಾರೆ. ಎಲ್ಲವೂ ರೆಕಾರ್ಡ್ ಆಗುತ್ತದೆ. ಆ ರೆಕಾರ್ಡಿಂಗನ್ನು ಯಾರೂ ನೋಡುವುದಿಲ್ಲ. ಅವರ ಜೊತೆ ಲಿಫ್ಟಿನಲ್ಲಿ ಇಳಿದು ಹೋದದ್ದೇನು ಎಂಬುದು ಮೂರು ತಿಂಗಳ ನಂತರ, ನಡುರಾತ್ರಿ ಪ್ರೊಡಕ್ಷನ್ ಕುಸಿದು ಬಿದ್ದಾಗ, ಆನ್‌ಕಾಲ್‌ನಲ್ಲಿರುವ ಹುಡುಗನಿಗೆ ಗೊತ್ತಾಗುತ್ತದೆ.

ಡೆನ್ಮಾರ್ಕಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರಲ್ಲೇ ಈ ನಷ್ಟವನ್ನು ಗುರುತಿಸಿದ್ದರು. ಒಂದು ತಂಡ ಒಂದು ಕಂಪೈಲರ್ ಬರೆದಿತ್ತು. ಇನ್ನೊಂದು ತಂಡ ಅದನ್ನು ವಿಸ್ತರಿಸಲು ಹೊರಟಿತು. ಎರಡನೆಯ ತಂಡದ ಕೈಯಲ್ಲಿ ಪೂರ್ತಿ ಕೋಡ್ ಇತ್ತು, ಪೂರ್ತಿ ದಾಖಲೆ ಇತ್ತು, ಮೊದಲ ತಂಡದವರ ಸಲಹೆಯೂ ಇತ್ತು. ಆದರೂ ಅವರು ಸೂಚಿಸಿದ ಬದಲಾವಣೆಗಳು ಮೂಲ ವಿನ್ಯಾಸದ ಬಲವನ್ನೇ ಕೆಡಿಸುವಂಥ ತೇಪೆಗಳಾಗಿದ್ದವು. ಮೊದಲ ತಂಡದವರಿಗೆ ಅದು ನೋಡಿದ ಕೂಡಲೇ ಹೊಳೆಯಿತು, ವಿನ್ಯಾಸದೊಳಗೇ ಸರಳ ಪರಿಹಾರವೂ ಕಂಡಿತು. ನೌರ್ ಇದರಿಂದ ತೆಗೆದ ತೀರ್ಮಾನವನ್ನು ನಾವು ನಮ್ಮ ಅಡಿಪಾಯ ಮಾಡಿಕೊಂಡಿದ್ದೇವೆ: ಪ್ರೋಗ್ರಾಮ್ ಇರುವುದು ಕಡತದಲ್ಲಿ ಅಲ್ಲ, ಅದನ್ನು ಕಟ್ಟಿದವರ ತಿಳಿವಳಿಕೆಯಲ್ಲಿ. ಲೋಕದ ಯಾವ ಸಂಗತಿಗೆ ಕೋಡಿನ ಯಾವ ಭಾಗ ಉತ್ತರ ಕೊಡುತ್ತದೆ, ಅದು ಹೀಗೇ ಏಕಿದೆ, ಬದಲಿಸಬೇಕಾದರೆ ಎಲ್ಲಿ ಕೈಹಾಕಬೇಕು ಎಂದು ಬಲ್ಲ ಜನ ಚದುರಿದ ದಿನ ಪ್ರೋಗ್ರಾಮ್ ಸತ್ತಿರುತ್ತದೆ. ಸರ್ವರ್‌ಗಳಲ್ಲಿ ಅದು ಇನ್ನೂ ಓಡುತ್ತಿರಬಹುದು. ಅದು ಬೇರೆ ಮಾತು.

ತಿಳಿವಳಿಕೆ ಕಳಚಿಕೊಂಡ ಕೋಡ್ ಏನು ಮಾಡಬಲ್ಲದು ಎಂಬುದಕ್ಕೆ 1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಮೇಲೆದ್ದ ಏರಿಯಾನ್ 5 ರಾಕೆಟ್ ಸಾಕ್ಷಿ. ಅದರ ದಿಕ್ಕು ಹೇಳುವ ಸಾಫ್ಟ್‌ವೇರನ್ನು ಹಿಂದಿನ ಏರಿಯಾನ್ 4ರಿಂದ ಹಾಗೆಯೇ ಎತ್ತಿ ತಂದಿದ್ದರು. ಹಳೆಯ ರಾಕೆಟ್‌ನಲ್ಲಿ ಅದು ಚೆನ್ನಾಗಿ ನಡೆದಿತ್ತು. ಸಮತಲದ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆ 16 ಬಿಟ್‌ನ ಮಿತಿಯನ್ನು ಮೀರದು ಎಂಬ ಲೆಕ್ಕ ಆ ರಾಕೆಟ್‌ನ ಪಥಕ್ಕೆ ಸರಿಯಾಗಿತ್ತು. ಹೊಸ ರಾಕೆಟ್ ಹೆಚ್ಚು ರಭಸದ್ದು. ಸಂಖ್ಯೆ ಮಿತಿ ಮೀರಿತು, ಮುಖ್ಯ ಘಟಕ ಮತ್ತು ಬದಲಿ ಘಟಕ ಎರಡೂ ಒಂದೇ ಕಾರಣಕ್ಕೆ ಕೈಚೆಲ್ಲಿದವು, ನಲವತ್ತು ಸೆಕೆಂಡಿನ ಆಸುಪಾಸಿನಲ್ಲಿ ರಾಕೆಟ್ ಛಿದ್ರವಾಯಿತು. ಜೊತೆಗೆ ನಾಲ್ಕು ವಿಜ್ಞಾನ ಉಪಗ್ರಹಗಳು ಹೋದವು. ಇದಕ್ಕಿಂತ ಕಟುವಾದ ಸಂಗತಿ ಇನ್ನೊಂದಿದೆ: ತಪ್ಪು ಮಾಡಿದ ಆ ಲೆಕ್ಕಾಚಾರಕ್ಕೆ ಹೊಸ ರಾಕೆಟ್ ಮೇಲೆದ್ದ ನಂತರ ಯಾವ ಕೆಲಸವೂ ಇರಲಿಲ್ಲ. ಹಳೆಯದಕ್ಕೆ ಬೇಕಿತ್ತು, ಆದ್ದರಿಂದ ಇಲ್ಲೂ ಓಡುತ್ತಿತ್ತು. ಕೋಡ್ ಪಯಣ ಮಾಡಿತು, ಅದರ ಕಾರಣ ಹಿಂದೆಯೇ ಉಳಿಯಿತು.

ಅಲ್ಲಿ ಎಐ ಇರಲಿಲ್ಲ. ಇದನ್ನು ಒತ್ತಿ ಹೇಳುವುದು ಏಕೆಂದರೆ, ಮನುಷ್ಯ ಬರೆದ ಕಾಲವನ್ನು ಸತ್ಯಯುಗ ಮಾಡಿ ಹಾಡುವವರ ಸಾಲಿನಲ್ಲಿ ನಾವು ನಿಲ್ಲುವುದಿಲ್ಲ.

ಈಗ ಬಂದಿರುವುದೇನು? 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಮುಂದಿನ ಸಾಲನ್ನು ಊಹಿಸಿ ಕೊಡತೊಡಗಿತು. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು. ಆಮೇಲೆ ಕರ್ಸರ್, ಕ್ಲಾಡ್ ಕೋಡ್‌ನಂಥ ಉಪಕರಣಗಳು ಸಾಲು ಊಹಿಸುವುದನ್ನು ದಾಟಿ, ಇಡೀ ಪ್ರಾಜೆಕ್ಟ್ ಓದಿ, ಹತ್ತಾರು ಫೈಲ್ ತಿದ್ದಿ, ಟೆಸ್ಟ್ ಓಡಿಸಿ, ತಪ್ಪಿದರೆ ತಾವೇ ಮತ್ತೆ ಯತ್ನಿಸುವ ಏಜೆಂಟ್‌ಗಳಾದವು. ತಮ್ಮ ಸಂಸ್ಥೆಯ ಹೊಸ ಕೋಡಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಎಐ ಹುಟ್ಟಿಸಿದ್ದು, ಎಂಜಿನಿಯರ್‌ಗಳು ನೋಡಿ ಒಪ್ಪಿದ್ದು ಎಂದು ಗೂಗಲ್‌ನ ಸುಂದರ್ ಪಿಚೈ 2024ರ ಅಕ್ಟೋಬರ್‌ನಲ್ಲಿ ಹೇಳಿದರು. 2025ರ ಫೆಬ್ರುವರಿಯಲ್ಲಿ ಎಐ ಸಂಶೋಧಕ ಆಂದ್ರೆ ಕಾರ್ಪಥಿ ‘ವೈಬ್ ಕೋಡಿಂಗ್’ ಎಂಬ ಮಾತನ್ನು ತೇಲಿಬಿಟ್ಟರು: ಕೋಡ್ ಇದೆ ಎಂಬುದನ್ನೇ ಮರೆತು, ಬೇಕಾದ್ದನ್ನು ಹೇಳುತ್ತಾ, ಬಂದದ್ದನ್ನು ಒಪ್ಪುತ್ತಾ ಹೋಗುವ ರೀತಿ. ವಾರಾಂತ್ಯದಲ್ಲಿ ಮಾಡಿ ಎಸೆಯುವ ಪ್ರಯೋಗಗಳಿಗೆ ಇದು ಪರವಾಗಿಲ್ಲ ಎಂದು ಅವರೇ ಅಲ್ಲಿ ಸೇರಿಸಿದ್ದರು. ಆ ಅರ್ಧವನ್ನು ಬಹಳ ಜನ ಓದಿದಂತಿಲ್ಲ.

ಈ ಉಪಕರಣಗಳಿಗೆ ನಾವು ವೈರಿಗಳಲ್ಲ. ನಮ್ಮಲ್ಲಿ ಹೆಚ್ಚಿನವರು ಅವನ್ನು ದಿನವೂ ಬಳಸುತ್ತೇವೆ. ಹಳೆಯ ಕೋಬಾಲ್ ಕಡತದ ಮುಂದೆ ಕಂಗಾಲಾಗಿ ಕೂತವರಿಗೆ ಅದು ಏನು ಹೇಳುತ್ತಿದೆಯೆಂದು ಬಿಡಿಸಿ ತಿಳಿಸುವ ಜೊತೆಗಾರ ಸಿಕ್ಕಿದೆ. ಒಂದು ಲೈಬ್ರರಿಯ ಹಳೆಯ ಆವೃತ್ತಿಯಿಂದ ಹೊಸದಕ್ಕೆ ನೂರಾರು ಕಡೆ ಒಂದೇ ಬದಲಾವಣೆ ಮಾಡುವ ಜೀತ ತಪ್ಪಿದೆ. ಕೇಳಲು ಸೀನಿಯರ್ ಯಾರೂ ಇಲ್ಲದ ಊರಿನಲ್ಲಿ ಕಲಿಯುತ್ತಿರುವ ಹುಡುಗನಿಗೆ, ಹತ್ತನೇ ಸಲ ಕೇಳಿದರೂ ನಗದೆ ಉತ್ತರಿಸುವ ಒಂದು ದನಿ ಇದೆ. ಅನುಭವಸ್ಥರ ಅಸಹನೆಯಿಂದ ಈ ಕಸುಬು ಎಷ್ಟು ಪ್ರತಿಭೆಯನ್ನು ಕಳೆದುಕೊಂಡಿದೆ ಎಂದು ಬಲ್ಲವರಿಗೆ ಇದು ದೊಡ್ಡ ಸಂಗತಿ. ಸಾಫ್ಟ್‌ವೇರಿನ ಕಷ್ಟದಲ್ಲಿ ಎರಡು ಬಗೆ ಎಂದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1986ರಲ್ಲಿ ವಿಂಗಡಿಸಿದ್ದರು: ಸಮಸ್ಯೆಯ ಹುಟ್ಟಿನಲ್ಲೇ ಇರುವ ಕಷ್ಟ, ಮತ್ತು ನಮ್ಮ ಉಪಕರಣಗಳ ಕೊರತೆಯಿಂದ ಮೈಮೇಲೆ ಬಂದ ಕಷ್ಟ. ಎರಡನೆಯದನ್ನು ಎಐ ಕರಗಿಸುತ್ತಿದೆ. ಕರಗಲಿ. ಮೊದಲನೆಯದು ಹಾಗೇ ಇದೆ, ಮತ್ತು ಅದೇ ಇನ್ನು ನಮ್ಮ ಪೂರ್ತಿ ಕೆಲಸ.

1957ರಲ್ಲಿ ಜಾನ್ ಬ್ಯಾಕಸ್ ತಂಡದ ಫೋರ್‌ಟ್ರಾನ್ ಕಂಪೈಲರ್ ಬಂದಾಗಲೂ ಯಂತ್ರಭಾಷೆಯಲ್ಲಿ ಬರೆಯುತ್ತಿದ್ದವರು ಗೊಣಗಿದ್ದರು, ಇದೂ ಹಾಗೆಯೇ ಎಂದು ಸಮಾಧಾನ ಹೇಳುವವರಿದ್ದಾರೆ. ಹೋಲಿಕೆ ಅರ್ಧ ಸರಿ. ಕಂಪೈಲರ್‌ಗೆ ಒಂದೇ ಮೂಲವನ್ನು ಎಷ್ಟು ಸಲ ಕೊಟ್ಟರೂ ಅರ್ಥ ಬದಲಾಗದು. ನಾವು ಮೂಲವನ್ನು ಜೋಪಾನ ಮಾಡುತ್ತೇವೆ, ಹೊರಬಿದ್ದದ್ದನ್ನು ಬೇಕಾದಾಗ ಮತ್ತೆ ಹುಟ್ಟಿಸಿಕೊಳ್ಳುತ್ತೇವೆ. ಎಐ ಜೊತೆಗಿನ ಕೆಲಸದಲ್ಲಿ ಇದು ತಲೆಕೆಳಗಾಗಿದೆ. ನಮಗೇನು ಬೇಕು, ಯಾವುದನ್ನು ಬೇಡವೆಂದೆವು, ಎಲ್ಲಿ ರಾಜಿಯಾದೆವು ಎಂಬುದೆಲ್ಲ ಇರುವುದು ಆ ಮಾತುಕತೆಯಲ್ಲಿ. ಸಂಜೆ ಆ ಕಿಟಕಿ ಮುಚ್ಚುತ್ತೇವೆ. ಮಾತುಕತೆ ಹೋಗುತ್ತದೆ, ಕೋಡ್ ಉಳಿಯುತ್ತದೆ. ಅದೇ ಪ್ರಾಂಪ್ಟನ್ನು ನಾಳೆ ಕೊಟ್ಟರೆ ಬೇರೆಯದೇ ಕೋಡ್ ಬರುತ್ತದೆ. ಮೂಲವನ್ನು ಬಿಸಾಡಿ ಫಲವನ್ನು ಮಾತ್ರ ಕಾಪಿಡುವ ಈ ಅಭ್ಯಾಸವನ್ನು ನಾವು ಇಂದೇ ನಿಲ್ಲಿಸುತ್ತೇವೆ. ಏನನ್ನು ಏಕೆ ಕೇಳಿದೆವು ಎಂಬುದು ಕೋಡಿನ ಜೊತೆಗೇ, ಅದೇ ರೆಪೊಸಿಟರಿಯಲ್ಲಿ, ನಾವೇ ಬರೆದ ಸರಳ ವಾಕ್ಯಗಳಲ್ಲಿ ಇರುತ್ತದೆ. ಯಂತ್ರದಿಂದ ಬರೆಸಿದ ಸಾರಾಂಶಕ್ಕೆ ಆ ಜಾಗವಿಲ್ಲ.

ವೇಗದ ಭ್ರಮೆಯ ಬಗ್ಗೆಯೂ ಎಚ್ಚರ ಬೇಕು. ಅಮೆರಿಕದ ಮೆಟರ್ ಸಂಸ್ಥೆ 2025ರಲ್ಲಿ ಹದಿನಾರು ಮಂದಿ ನುರಿತ ಓಪನ್ ಸೋರ್ಸ್ ಡೆವಲಪರ್‌ಗಳನ್ನು, ಅವರವರೇ ವರ್ಷಗಳಿಂದ ನೋಡಿಕೊಂಡು ಬಂದ ಪ್ರಾಜೆಕ್ಟ್‌ಗಳಲ್ಲಿ, 246 ಕೆಲಸಗಳಿಗೆ ಹಚ್ಚಿ ನೋಡಿತು. ಎಐ ಬಳಸಿದ ಕೆಲಸಗಳಿಗೆ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಕೆಲಸ ಮುಗಿಸಿದವರು ಮಾತ್ರ ತಮಗೆ ಸುಮಾರು ಶೇ 20ರಷ್ಟು ಸಮಯ ಉಳಿಯಿತು ಎಂದೇ ನಂಬಿದ್ದರು. ಆಗಿನ ಉಪಕರಣಗಳು ಬೇರೆ, ಇಂದಿನವು ಬೇರೆ. ಅಂಕಿ ನಾಳೆ ತಿರುಗಿ ಬೀಳಬಹುದು. ಅನ್ನಿಸಿದ್ದಕ್ಕೂ ಆದದ್ದಕ್ಕೂ ನಡುವಿನ ಆ ಕಂದಕವೇ ನಮ್ಮ ಕಳವಳ. ಅಪ್ರೈಸಲ್ ನಡೆಯುವುದು ಅನ್ನಿಸಿಕೆಯ ಮೇಲೆ, ಡೆಡ್‌ಲೈನ್ ಇಡುವುದೂ ಅನ್ನಿಸಿಕೆಯ ಮೇಲೆ.

ಇನ್ನು ನಮ್ಮ ನಂಬಿಕೆ.

ಅರಿಯದ ಕೋಡಿಗೆ ನಾವು ರುಜು ಹಾಕುವುದಿಲ್ಲ. ಕಮಿಟ್‌ನಲ್ಲಿ ಇರುವ ಹೆಸರು ನಮ್ಮ ರುಜು. ಅದನ್ನು ಬರೆದದ್ದು ಕೈಯೋ ಯಂತ್ರವೋ, ಇನ್ನೊಬ್ಬರ ಮುಂದೆ ಕೂತು ಸಾಲು ಸಾಲಾಗಿ ಬಿಡಿಸಿ ಹೇಳಲಾಗದಿದ್ದರೆ ಅದು ಪ್ರೊಡಕ್ಷನ್‌ಗೆ ಹೋಗದು. ‘ಎಐ ಬರೆದದ್ದು’ ಎಂಬುದು ನಮ್ಮಲ್ಲಿ ಉತ್ತರವಲ್ಲ. ಬ್ರಿಟನ್ನಿನ ಪೋಸ್ಟ್ ಆಫೀಸಿನ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ ಹಣದಲ್ಲಿ ಇಲ್ಲದ ಕೊರತೆಗಳನ್ನು ತೋರಿಸಿದ್ದರಿಂದ 1999 ಮತ್ತು 2015ರ ನಡುವೆ 900ಕ್ಕೂ ಹೆಚ್ಚು ಊರೂರಿನ ಪೋಸ್ಟ್‌ಮಾಸ್ಟರ್‌ಗಳು ಕಳ್ಳತನ, ಸುಳ್ಳು ಲೆಕ್ಕದಂಥ ಅಪರಾಧಗಳಿಗೆ ಶಿಕ್ಷೆಗೊಳಗಾದರು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡಿದೆ ಎಂಬ ಪೂರ್ವಗ್ರಹಿಕೆ ಅಲ್ಲಿನ ನ್ಯಾಯಾಲಯಗಳಲ್ಲಿತ್ತು. ಹಾಗಲ್ಲ ಎಂದು ತೋರಿಸುವ ಹೊರೆ ಬಡಪಾಯಿಗಳ ಮೇಲೆ ಬಿತ್ತು. ಕೆಲವರು ಜೈಲು ಕಂಡರು, ಕೆಲವರು ಕಳಂಕ ತೊಳೆಯುವ ಮೊದಲೇ ತೀರಿಕೊಂಡರು. ಆ ತೀರ್ಪುಗಳನ್ನು ಸಾಮೂಹಿಕವಾಗಿ ರದ್ದುಮಾಡುವ ಕಾನೂನು ಬಂದದ್ದು 2024ರಲ್ಲಿ. ಅದು ಮನುಷ್ಯರೇ ಬರೆದ ಕೋಡ್. ಯಾರೂ ಪೂರ್ತಿ ಅರಿಯದ, ಕೇಳಿದರೆ ಯಾರೂ ಎದ್ದು ನಿಲ್ಲದ ಕೋಡ್ ಇನ್ನು ಮುಂದೆ ಪಿಂಚಣಿಯನ್ನೂ ಪಡಿತರವನ್ನೂ ಆಸ್ಪತ್ರೆಯ ಚೀಟಿಯನ್ನೂ ನಡೆಸಬೇಕೆ? ನಮ್ಮ ಕೈಯಿಂದ ಅದು ಆಗದು.

ಹಾಗೆಂದು ಎಲ್ಲ ಕಡೆ ಒಂದೇ ಕಟ್ಟುನಿಟ್ಟು ಹೇರುವ ಮಡಿವಂತಿಕೆ ನಮಗಿಲ್ಲ. ಗದಗಿನ ಅಂಗಡಿಯವರು ತಮ್ಮ ಉದ್ರಿ ಲೆಕ್ಕಕ್ಕೆ ಎಐ ಹತ್ತಿರ ಒಂದು ಸಣ್ಣ ಪ್ರೋಗ್ರಾಮ್ ಮಾಡಿಸಿಕೊಂಡರೆ, ಶಾಲೆಯ ಮೇಷ್ಟ್ರು ಮಕ್ಕಳ ಅಂಕಪಟ್ಟಿಗೆ ಇನ್ನೊಂದು ಮಾಡಿಕೊಂಡರೆ, ಅದು ಸಂಭ್ರಮ. ಇಷ್ಟು ವರ್ಷ ಅವರ ಬಾಗಿಲಿಗೆ ಹೋಗದ ಕಸುಬು ನಮ್ಮದು. ಈಗ ಅವರೇ ಒಳಗೆ ಬಂದರೆ ಮೂಗುಮುರಿಯಲು ನಾವು ಯಾರು? ಗೆರೆ ಇರುವುದು ಇಲ್ಲಿ: ತನಗಾಗಿ ಮಾಡಿಕೊಂಡದ್ದು ತನ್ನ ಇಷ್ಟ. ಇನ್ನೊಬ್ಬರ ದುಡ್ಡು, ದೇಹ, ದಾಖಲೆ, ಮಾನ ಅದರೊಳಗೆ ಹೊಕ್ಕ ಕ್ಷಣದಿಂದ ಅರಿತವರ ರುಜು ಬೇಕು.

ಕುತೂಹಲವೇ ನಮ್ಮ ಕೊನೆಯ ಕಾವಲು ಎಂದು ನಂಬುತ್ತೇವೆ. 2024ರ ಮಾರ್ಚ್‌ನಲ್ಲಿ ಪೋಸ್ಟ್‌ಗ್ರೆಸ್ ಡೆವಲಪರ್ ಆಂಡ್ರೆಸ್ ಫ್ರಾಯಂಡ್ ತಮ್ಮ ಯಂತ್ರದಲ್ಲಿ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಗಮನಿಸಿದರು. ನೂರಕ್ಕೆ ತೊಂಬತ್ತೊಂಬತ್ತು ಜನ ಬಿಟ್ಟುಬಿಡುವ ಸಂಗತಿ ಅದು. ಅವರು ಬಿಡಲಿಲ್ಲ. ಬೆನ್ನುಹತ್ತಿ ಹೋದಾಗ ಎಕ್ಸ್‌ಝಡ್ ಎಂಬ ಸಣ್ಣ ಕಂಪ್ರೆಷನ್ ಸಾಧನದೊಳಗೆ, ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸುತ್ತಾ ಬಂದ ಒಬ್ಬ ಗುಪ್ತನಾಮದ ಕೊಡುಗೆದಾರ ಇಟ್ಟ ಹಿಂಬಾಗಿಲು ಸಿಕ್ಕಿತು. ಅದು ಇನ್ನಷ್ಟು ಹರಡಿದ್ದರೆ ಜಗತ್ತಿನ ಅಸಂಖ್ಯ ಲಿನಕ್ಸ್ ಸರ್ವರ್‌ಗಳ ಬೀಗ ಒಬ್ಬರ ಕೈಯಲ್ಲಿರುತ್ತಿತ್ತು. ಟೆಸ್ಟ್‌ಗಳೆಲ್ಲ ಹಸಿರು ತೋರಿಸುತ್ತಿರುವಾಗ ‘ಇದು ಯಾಕೋ ಸರಿಯಿಲ್ಲ’ ಎನ್ನುವ ಆ ಕಿರಿಕಿರಿಯನ್ನು ಉಳಿಸಿಕೊಳ್ಳಿ. ಅದು ದಿನಕ್ಕೆ ಇಪ್ಪತ್ತು ಪುಲ್ ರಿಕ್ವೆಸ್ಟ್‌ಗಳಿಗೆ ಕಣ್ಣುಮುಚ್ಚಿ ಒಪ್ಪಿಗೆ ಕೊಡುವವರಲ್ಲಿ ಬದುಕಿ ಉಳಿಯುವುದಿಲ್ಲ. ಅಸ್ತಿತ್ವದಲ್ಲೇ ಇಲ್ಲದ ಪ್ಯಾಕೇಜ್‌ಗಳ ಹೆಸರನ್ನು ಎಐ ಆತ್ಮವಿಶ್ವಾಸದಿಂದ ಹೇಳುತ್ತದೆ, ಅಂಥ ಹೆಸರುಗಳನ್ನೇ ಕಾದು ನೋಂದಾಯಿಸಿ ಅದರೊಳಗೆ ವಿಷವಿಡಬಹುದು ಎಂಬುದು ಸಂಶೋಧಕರು ತೋರಿಸಿರುವ ಸಂಗತಿ. ಇನ್‌ಸ್ಟಾಲ್ ಮಾಡುವ ಮೊದಲು ಒಮ್ಮೆ ತಲೆಯೆತ್ತಿ ನೋಡುವ ಮನುಷ್ಯ ಅಲ್ಲೂ ಬೇಕು.

ಎಲ್ಲಕ್ಕಿಂತ ನಮ್ಮನ್ನು ಕಾಡುವುದು ಹೊಸಬರ ಪ್ರಶ್ನೆ. ಇಲ್ಲಿ ನಾವು ಕೊಂಚ ಹೊತ್ತು ನಿಲ್ಲುತ್ತೇವೆ. ಅಮೆರಿಕದ ಸಂಬಳದ ದಾಖಲೆಗಳನ್ನು ಜಾಲಾಡಿದ ಸ್ಟ್ಯಾನ್‌ಫರ್ಡ್ ಅರ್ಥಶಾಸ್ತ್ರಜ್ಞರು, 22ರಿಂದ 25 ವಯಸ್ಸಿನ ಸಾಫ್ಟ್‌ವೇರ್ ಡೆವಲಪರ್‌ಗಳ ಉದ್ಯೋಗ 2022ರ ಕೊನೆಯ ಶಿಖರದಿಂದ 2025ರ ನಡುವಿನ ಹೊತ್ತಿಗೆ ಸುಮಾರು ಶೇ 20ರಷ್ಟು ಕುಸಿದಿದೆ ಎಂದು 2025ರಲ್ಲಿ ಬರೆದರು. ಕಾರಣ ಎಷ್ಟರಮಟ್ಟಿಗೆ ಎಐ, ಎಷ್ಟರಮಟ್ಟಿಗೆ ಬಡ್ಡಿದರ ಎಂದು ಪಂಡಿತರು ವಾದಿಸಲಿ. ಫ್ರೆಶರ್‌ಗಳನ್ನು ಸಾವಿರಗಟ್ಟಲೆ ಎತ್ತಿಕೊಳ್ಳುವ ಲೆಕ್ಕದ ಮೇಲೆಯೇ ನಿಂತ ಊರು ನಮ್ಮದು. ಆ ಗಾಳಿ ಇಲ್ಲಿ ಇನ್ನೂ ಬಿರುಸಾಗಿ ಬೀಸುತ್ತದೆ ಎಂದು ತಿಳಿಯಲು ಅರ್ಥಶಾಸ್ತ್ರ ಬೇಕಿಲ್ಲ. ಸಣ್ಣ ಬಗ್ ತಿದ್ದುವುದು, ಪುಟ್ಟ ಸ್ಕ್ರೀನ್ ಮಾಡುವುದು, ರಿಪೋರ್ಟ್‌ಗೆ ಒಂದು ಕಾಲಂ ಸೇರಿಸುವುದು: ಹೊಸಬರು ಕಲಿಯುತ್ತಿದ್ದದ್ದು ಇಂಥವುಗಳಿಂದ. ಅವನ್ನೇ ಯಂತ್ರಕ್ಕೆ ಕೊಟ್ಟಾಯಿತು. ಹದಿನೈದು ವರ್ಷದ ನಂತರ ಯಂತ್ರ ಬರೆದದ್ದನ್ನು ನೋಡಿ ಹೌದು ಅಲ್ಲ ಎನ್ನಬೇಕಾದ ಅನುಭವಸ್ಥರು ಆಕಾಶದಿಂದ ಉದುರುವುದಿಲ್ಲ. ಇಂದಿನ ಬ್ಯಾಲೆನ್ಸ್ ಶೀಟ್‌ಗೆ ಈ ಪ್ರಶ್ನೆ ಕಾಣುವುದಿಲ್ಲ. ನಮಗೆ ಕಾಣುತ್ತದೆ.

ನಮ್ಮ ನಾಡಿನಲ್ಲಿ ಗಮಕದ ಪದ್ಧತಿಯಿದೆ. ಒಬ್ಬರು ಕುಮಾರವ್ಯಾಸನನ್ನು ರಾಗವಾಗಿ ವಾಚಿಸುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಓದಲು ಬಾರದವರ ಕಿವಿಗೂ ಮಹಾಕಾವ್ಯ ತಲುಪಿದ್ದು ಹೀಗೆ. ಕೋಡಿಗೂ ನಾವು ಅದನ್ನೇ ತರುತ್ತೇವೆ. ವಾರಕ್ಕೊಮ್ಮೆ ಒಂದು ಮೇಜಿನ ಸುತ್ತ ಕೂರುತ್ತೇವೆ. ಯಂತ್ರ ಬರೆದ, ಅಥವಾ ಎಂದೋ ಯಾರೋ ಬರೆದ ಒಂದು ತುಂಡನ್ನು ಸೀನಿಯರ್ ಓದುತ್ತಾರೆ, ಜೂನಿಯರ್ ವ್ಯಾಖ್ಯಾನಿಸುತ್ತಾರೆ. ಇಲ್ಲಿ ಲಾಕ್ ಏಕೆ ಬೇಕಾಯಿತು? ದುಡ್ಡನ್ನು ದಶಮಾಂಶದ ಬದಲು ಪೈಸೆಯ ಪೂರ್ಣಾಂಕದಲ್ಲಿ ಇಟ್ಟಿದ್ದೇಕೆ? ಈ ಸಾಲು ತೆಗೆದರೆ ಯಾರ ಕೆಲಸ ನಿಲ್ಲುತ್ತದೆ? ತಡವರಿಸಿದಲ್ಲಿ ಎಲ್ಲರೂ ನಿಲ್ಲುತ್ತಾರೆ, ಯಾರೂ ಗದರುವುದಿಲ್ಲ. ಹೊಸಬರ ಕೈಯಿಂದ ಎಐ ಕಿತ್ತುಕೊಳ್ಳುವ ಸಂನ್ಯಾಸವನ್ನು ನಾವು ಬೋಧಿಸುವುದಿಲ್ಲ. ಬಳಸಲಿ, ಆಮೇಲೆ ಬಿಡಿಸಿ ಹೇಳಲಿ. ನಮ್ಮಲ್ಲಿ ಅನುಭವಸ್ಥರೆನಿಸಿಕೊಂಡ ಪ್ರತಿಯೊಬ್ಬರೂ ಒಬ್ಬ ಹೊಸಬರನ್ನಾದರೂ ಪಕ್ಕ ಕೂರಿಸಿಕೊಳ್ಳುತ್ತಾರೆ. ಇದು ದಾನವಲ್ಲ, ಸೀನಿಯರ್ ಎಂಬ ಪದವಿಗೆ ತೆರಬೇಕಾದ ಕಂದಾಯ.

ಈ ವ್ಯಾಖ್ಯಾನ ಕನ್ನಡದಲ್ಲಿ ನಡೆಯುತ್ತದೆ. 2011ರ ಜನಗಣತಿಯಂತೆ 4.3 ಕೋಟಿಗೂ ಹೆಚ್ಚು ಜನರ ತಾಯ್ನುಡಿ ಇದು. ತರ್ಕದಲ್ಲಿ ಚುರುಕಾಗಿದ್ದೂ ಇಂಗ್ಲಿಷ್ ಇಂಟರ್‌ವ್ಯೂನಲ್ಲಿ ನಾಲಿಗೆ ಕಟ್ಟಿ ಹಿಂದೆ ಬಿದ್ದವರು ಪ್ರತಿ ಕಾಲೇಜಿನ ಪ್ರತಿ ತರಗತಿಯಲ್ಲೂ ಇದ್ದಾರೆ. ಕೆ.ಪಿ. ರಾವ್ ಅವರ ಕೀಲಿಮಣೆಯಿಂದ ಹಿಡಿದು, ಮಕ್ಕಳಿಗಾಗಿ ಬಂದ ಕನ್ನಡ ಲೋಗೊ ಎಂಬ ಪ್ರೋಗ್ರಾಮಿಂಗ್ ಭಾಷೆಯವರೆಗೆ, ಈ ಭಾಷೆಯನ್ನು ಯಂತ್ರದೊಳಗೆ ತರಲು ಹಿರಿಯರು ದುಡಿದಿದ್ದಾರೆ. ಇಂದು ಕನ್ನಡದಲ್ಲಿ ಹೇಳಿದರೆ ಯಂತ್ರ ಕೋಡ್ ಬರೆದುಕೊಡುತ್ತದೆ. ಬಾಗಿಲು ತೆರೆದಿದೆ, ಪೂರ್ತಿ ಅಲ್ಲ: ಮಾದರಿಗಳು ಪಠ್ಯವನ್ನು ತುಂಡರಿಸುವ ರೀತಿಯಲ್ಲಿ ಅದೇ ಮಾತಿಗೆ ಇಂಗ್ಲಿಷಿಗಿಂತ ಕನ್ನಡಕ್ಕೆ ಹೆಚ್ಚು ಟೋಕನ್ ಬೀಳುತ್ತವೆ, ಅಂದರೆ ಅದೇ ಪ್ರಶ್ನೆಗೆ ನಾವು ಹೆಚ್ಚು ತೆರುತ್ತೇವೆ. ಇದು ಬದಲಾಗುವವರೆಗೆ ಕೇಳುತ್ತಲೇ ಇರುತ್ತೇವೆ. ಪದಗಳಿಗಾಗಿ ಜಗಳವಾಡುವುದಿಲ್ಲ, ಲೂಪ್ ಲೂಪ್ ಆಗಿಯೇ ಇರಲಿ, ಅದು ಏಕೆ ನಿಲ್ಲುತ್ತಿಲ್ಲ ಎಂಬ ಯೋಚನೆ ನಮ್ಮ ನುಡಿಯಲ್ಲಿ ಸಾಗಲಿ.

ಎಐಯಿಂದ ಉಳಿದ ಸಮಯ ಯಾರದ್ದು ಎಂಬ ಪ್ರಶ್ನೆಯನ್ನೂ ನಾವು ಬಿಡುವುದಿಲ್ಲ. 2024ರಲ್ಲಿ ಇದೇ ರಾಜ್ಯದಲ್ಲಿ ಐಟಿ ನೌಕರರ ಕೆಲಸದ ದಿನವನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಬಂದು, ನೌಕರರ ಸಂಘಟನೆಗಳು ಬೀದಿಗಿಳಿಯಬೇಕಾಯಿತು. ಯಂತ್ರ ವೇಗವಾದಷ್ಟೂ ಮನುಷ್ಯನ ದಿನ ಉದ್ದವಾಗುವುದು ಯಾವ ಊರಿನ ಗಣಿತ? ಎಐ ಉಳಿಸಿಕೊಟ್ಟ ಗಂಟೆಯ ಮೊದಲ ಹಕ್ಕು ಓದುವುದಕ್ಕೆ, ಪರೀಕ್ಷಿಸುವುದಕ್ಕೆ, ಕಲಿಸುವುದಕ್ಕೆ. ಎರಡನೆಯ ಹಕ್ಕು ಮನೆಗೆ. ಇನ್ನೊಂದು ಟಿಕೆಟ್ ತುರುಕುವುದಕ್ಕೆ ಆ ಗಂಟೆಯ ಮೇಲೆ ಹಕ್ಕಿಲ್ಲ.

ಋಣವನ್ನೂ ಮರೆಯುವುದಿಲ್ಲ. ಈ ಮಾದರಿಗಳು ಕಲಿತದ್ದು ಲೋಕದ ಲಕ್ಷಾಂತರ ಜನ ಹಂಚಿಕೊಂಡ ಕೋಡಿನಿಂದ. ಆ ಜನರಿಗೆ ಸಿಗುತ್ತಿರುವ ಪ್ರತಿಫಲವೇನು? ಕರ್ಲ್ ಎಂಬ, ನಿಮ್ಮ ಫೋನಿನಲ್ಲೂ ಇರಬಹುದಾದ ಸಾಧನವನ್ನು ದಶಕಗಳಿಂದ ಪೊರೆಯುತ್ತಿರುವ ಡೇನಿಯಲ್ ಸ್ಟೆನ್‌ಬರ್ಗ್, ಎಐ ಹೆಣೆದ ಹುಸಿ ಭದ್ರತಾ ದೋಷಗಳ ವರದಿಗಳ ಹಾವಳಿಯ ಬಗ್ಗೆ ಮತ್ತೆ ಮತ್ತೆ ಬರೆಯಬೇಕಾಗಿ ಬಂದಿದೆ. ಕಳಿಸುವವರಿಗೆ ಒಂದು ನಿಮಿಷ, ಓದಿ ಸುಳ್ಳೆಂದು ಕಂಡುಕೊಳ್ಳುವವರಿಗೆ ಅರ್ಧ ದಿನ. ತಾವು ಓದದ್ದನ್ನು ಇನ್ನೊಬ್ಬರಿಗೆ ಓದಲು ಕಳಿಸುವುದು ನಮ್ಮಲ್ಲಿ ಅಸಭ್ಯತೆ ಎನಿಸಿಕೊಳ್ಳುತ್ತದೆ. ಅದು ಪುಲ್ ರಿಕ್ವೆಸ್ಟ್ ಆಗಲಿ, ಡಿಸೈನ್ ಡಾಕ್ಯುಮೆಂಟ್ ಆಗಲಿ, ಮೇಲ್ ಆಗಲಿ.

ನಮ್ಮ ಕೂಟಕ್ಕೆ ಹೆಸರಿಟ್ಟಿಲ್ಲ. ಅಧ್ಯಕ್ಷರಿಲ್ಲ, ಚಂದಾ ಇಲ್ಲ, ಸರ್ಟಿಫಿಕೇಟ್ ಅಂತೂ ಕೊಡುವುದಿಲ್ಲ. ಯಾವ ಕಂಪನಿಯ ಯಾವ ಮಾದರಿ ಬಳಸುತ್ತೀರಿ ಎಂದು ಕೇಳುವುದಿಲ್ಲ. ಆರು ತಿಂಗಳಿಗೆ ಅದು ಬದಲಾಗುತ್ತದೆ. ಕಚೇರಿಯಲ್ಲಿ ಇದಕ್ಕೆ ಸಮಯ ಕೊಡುವುದಿಲ್ಲ ಎಂದು ಮ್ಯಾನೇಜರ್ ಹೇಳಬಹುದು. ಆಗ ಊಟದ ಬಿಡುವಿನಲ್ಲಿ ಕೂರಿ, ಕಾಲೇಜಿನಲ್ಲಿದ್ದರೆ ಲ್ಯಾಬ್ ಮುಗಿದ ಮೇಲೆ ಕೂರಿ, ದೂರದ ಊರಿನಲ್ಲಿದ್ದರೆ ಕರೆ ಮಾಡಿಕೊಂಡು ಕೂರಿ. ನಿಮಗೆ ಅರ್ಥವಾಗದೆ, ಆದರೂ ನಿಮ್ಮ ಹೆಸರಿನಲ್ಲಿ ಒಳಗೆ ಹೋಗಿರುವ ನೂರು ಸಾಲು ಕೋಡನ್ನು ತನ್ನಿ. ಜೊತೆಗೆ ಒಬ್ಬ ಹೊಸಬರನ್ನು ಕರೆತನ್ನಿ. ಶುರುಮಾಡಲು ಇಬ್ಬರು ಸಾಕು. ಈ ವಾರವೇ ಮಾಡಿ.